ತರಂಗನ ಮುಖ ಹೊತ್ತ ಹಲಗೆ

ಹುಟ್ಟುವಾಗ ನನಗೆ ಮುಖವಿರಲಿಲ್ಲ. ಗದಗಿನ ಒಂದು ಕಟ್ಟಿಗೆ ಅಡ್ಡೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಬರೀ ಪ್ಲೈವುಡ್ ಹಲಗೆ ನಾನು. ಮುಖ ಕೊಟ್ಟವನು ಮಾಬುಸಾಬ್ ಪೇಂಟರ್. ಅಂಗಡಿಗಳ ಬೋರ್ಡು, ಲಾರಿಗಳ ಬೆನ್ನ ಮೇಲಿನ ನವಿಲು, ಚುನಾವಣೆ ಬಂದಾಗ ಗೋಡೆಯ ಮೇಲಿನ ಚಿಹ್ನೆ, ಇವನ್ನೆಲ್ಲ ಬರೆದು ಬದುಕುತ್ತಿದ್ದ ಮನುಷ್ಯ. ಒಂದು ಬೆಳಿಗ್ಗೆ ಅವನು ನನ್ನನ್ನು ನೆಲಕ್ಕೆ ಮಲಗಿಸಿ, ಮೈಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಎಳೆದ. ಕ್ಯಾಸೆಟ್ಟಿನ ಡಬ್ಬಿಯಲ್ಲಿದ್ದ ಅಂಗೈಗಿಂತ ಸಣ್ಣ ಚಿತ್ರವನ್ನು ನೋಡಿ ನೋಡಿ, ನನ್ನ ಮೇಲೆ ಆಳೆತ್ತರದ ಒಬ್ಬ ಯುವಕನನ್ನು ಬರೆಯತೊಡಗಿದ. ಹಳದಿ ಅಂಗಿ, ಹೆಗಲ ತನಕ ಇಳಿದ ಕೂದಲು, ಮೇಲೆತ್ತಿದ ಬಲಗೈ. ಬರೆದಾದ ಮೇಲೆ ಆ ಆಕಾರಕ್ಕೇ ಕೊಯ್ದು ನನ್ನನ್ನು ಕಟೌಟ್ ಮಾಡಿದ.

ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ ಒಬ್ಬ ಹುಡುಗ ಅವನ ಜೀವ ತಿನ್ನುತ್ತಿದ್ದ.

"ಮಾಬುಚಾಚಾ, ಕಣ್ಣಾಗ ಅಣ್ಣನ ಆ ನಗಿ ಬರವಲ್ದು ನೋಡು."

"ಮೊದಲ ಕಣ್ಣ ಬರಲಿ ತಡಿಯೋ ಮಾರಾಯಾ. ಆಮ್ಯಾಲೆ ನಗಿ ತರೂಣಂತ."

ಆ ಹುಡುಗನೇ ಅಂದಾನಿ. 'ಅಣ್ಣ' ಅಂದರೆ ತರಂಗ್. ಬೆಂಗಳೂರಿನ ಪಾಪ್ ಗಾಯಕ. ಹಿಂದೆ ಮುಂದೆ ಏನೂ ಇಲ್ಲದ ಒಂದೇ ಹೆಸರು. ಆಗಿನ್ನೂ ಕ್ಯಾಸೆಟ್ಟುಗಳ ಕಾಲ. ತರಂಗನ ಹಾಡು ಟೆಂಪೋಗಳಲ್ಲಿ, ಕಟಿಂಗ್ ಅಂಗಡಿಗಳಲ್ಲಿ, ಕಾಲೇಜಿನ ಗ್ಯಾದರಿಂಗಿನಲ್ಲಿ ಎಲ್ಲೆಲ್ಲೂ ಕೇಳುತ್ತಿತ್ತು. ಅಂದಾನಿ ಕ್ಯಾಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ತರಂಗನಂತೆ ಕೂದಲು ಬಿಟ್ಟಿದ್ದ, ತರಂಗನಂತೆ ಮಾತಿನ ನಡುವೆ ಬೆರಳು ಚಿಟಿಕೆ ಹೊಡೆಯುತ್ತಿದ್ದ. ತರಂಗನ ಹುಟ್ಟಿದ ದಿನ ಇಡೀ ಓಣಿಗೆ ಪೇಡೆ ಹಂಚುತ್ತಿದ್ದ. ಆದರೆ ಅವನದು ಬರೀ ಕೂದಲಿನ ಅಭಿಮಾನವಲ್ಲ. ಯಾವ ಹಾಡಿನಲ್ಲಿ ತರಂಗ್ ಎಲ್ಲಿ ಉಸಿರು ಎಳೆಯುತ್ತಾನೆ ಎಂಬುದೂ ಅವನಿಗೆ ಗೊತ್ತಿತ್ತು. ಆ ಜಾಗ ಬಂದಾಗ ಅವನೂ ಸುಮ್ಮನೆ ಉಸಿರು ಎಳೆಯುತ್ತಿದ್ದ. ಅದನ್ನು ನಾನು ಆಮೇಲೆ ಅವನ ಮನೆಯಲ್ಲಿ ಎಷ್ಟೋ ಸಲ ನೋಡಿದೆ.

ನನ್ನ ಮೊದಲ ಕೆಲಸ ಸ್ಟೇಡಿಯಮ್ಮಿನ ಬಾಗಿಲಲ್ಲಿ ನಿಲ್ಲುವುದು. ತರಂಗ್ ಗದಗಿಗೆ ಮೊದಲ ಸಲ ಬಂದಿದ್ದ. ಅಭಿಮಾನಿಗಳು ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಅಂದಾನಿ ಸ್ಟೂಲ್ ಹತ್ತಿ ನನ್ನ ತಲೆಯ ಮೇಲೆ ಹಾಲು ಸುರಿದ. ಹಲಗೆಗೆ ಹಾಲು ಯಾಕೆ? ಮುಖ ಬೇರೆಯವನದು, ಅಂಟು ನನ್ನದು. ಸಂಜೆಯೊಳಗೆ ಇರುವೆಗಳು ಕಾಲಿನಿಂದ ಕಣ್ಣಿನ ತನಕ ಸಾಲು ಹಚ್ಚಿದವು. ಆ ಹಾಲು ಅವನ ಮನೆಯದು, ಅವನ ತಾಯಿ ನೀಲವ್ವ ಆ ದಿನ ಕರಿ ಚಹಾ ಕುಡಿದಳು ಎಂಬುದು ನನಗೆ ಮರುದಿನ ತಿಳಿಯಿತು. ಅವಳು ಅದನ್ನು ಬೈಗುಳವಾಗಿ ಅಲ್ಲ, ನಗುತ್ತ ಹೇಳಿದಳು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ತರಂಗ್ ನಾನಿದ್ದ ಬಾಗಿಲಿಂದ ಬರಲೇ ಇಲ್ಲ. ಹಿಂದಿನ ಬಾಗಿಲಿಂದ ಬಂದು, ಹಾಡಿ, ಹಿಂದಿನ ಬಾಗಿಲಿಂದಲೇ ಹೋದ. ಅಂದಾನಿಗೆ ದೂರದಲ್ಲಿ ಕುಣಿಯುವ ಹಳದಿ ಚುಕ್ಕೆಯೊಂದು ಕಂಡಿತಷ್ಟೆ. ಕಾರ್ಯಕ್ರಮ ಮುಗಿದ ಮೇಲೆ ಅವನು ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಟಗೇರಿಯ ತನ್ನ ಮನೆಗೆ ತಂದ.

ಕೆಲವು ದಿನ ಕಳೆದು ನನ್ನನ್ನು ಫೋಟೋ ಸ್ಟುಡಿಯೋಕ್ಕೆ ಒಯ್ದ. ಪರದೆಯ ಮುಂದೆ ನಿಲ್ಲಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, ಪಕ್ಕದಲ್ಲಿ ತಾನು ನಿಂತ. ಸ್ಟುಡಿಯೋದವನು ಲೈಟನ್ನು ಓರೆ ಮಾಡಿ, ಚಿತ್ರ ತುಸು ಮಸುಕಾಗುವಂತೆ ತೆಗೆದ. ಆಗ ಅಂದಾನಿಯ ಮನಸ್ಸಿನಲ್ಲಿ ಮೋಸವಿರಲಿಲ್ಲ. ಅಷ್ಟು ನಾನು ಹೇಳಬಲ್ಲೆ. ಫೋಟೋಕ್ಕೆ ನಿಲ್ಲುವ ಮೊದಲು ತನ್ನ ಅಂಗಿಯ ತುದಿಯಿಂದ ನನ್ನ ಮುಖ ಒರೆಸಿದ್ದ. ಫೋಟೋಕ್ಕೆ ಕಟ್ಟು ಹಾಕಿಸಿ ಕ್ಯಾಸೆಟ್ ಅಂಗಡಿಯಲ್ಲಿ ತೂಗುಹಾಕಿದ. ಒಬ್ಬ ಗಿರಾಕಿ ಅದನ್ನು ನೋಡಿ ಕಣ್ಣರಳಿಸಿ, "ಖರೇನ ತರಂಗ್ ಜೋಡಿ ನಿಂತಿದ್ಯೇನ್ಲೇ?" ಎಂದು ಕೇಳಿದನಂತೆ. ಅಂದಾನಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಸುಮ್ಮನೆ ನಕ್ಕ. ಮನೆಗೆ ಬಂದು ತಾಯಿಗೆ ಅದನ್ನು ತಮಾಷೆಯೆಂಬಂತೆ ಹೇಳಿದ. ನೀಲವ್ವ ಮೊರದಲ್ಲಿದ್ದ ಜೋಳದಿಂದ ತಲೆ ಎತ್ತದೆ, "ಅಲ್ಲಂತ ಹೇಳಬೇಕಿತ್ತಪಾ" ಎಂದಳು. ಅವನು ಹೇಳಲಿಲ್ಲ. ಎರಡನೆಯವನು ಕೇಳಿದಾಗ, "ಹೂಂ, ಅಣ್ಣ ಭಾಳ ಸಾದಾ ಮನಷ್ಯಾ" ಅಂದ. ಮೂರನೆಯವನ ಹೊತ್ತಿಗೆ, ಅಂದಾನಿ ಹೇಳುವ ಕಥೆಯಲ್ಲಿ, ತರಂಗ್ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ.

ನನ್ನನ್ನು ಇಟ್ಟಿದ್ದು ಹಿತ್ತಲಿನ ತಗಡಿನ ಮಾಡಿನ ಕೆಳಗೆ. ಗಿಡ್ಡ ಗೋಡೆಯಾಚೆ ನೇಕಾರ ಗುರಪ್ಪನ ಮನೆ. ಮಗ್ಗದ ಸದ್ದು ದಿನವಿಡೀ. ಅವನ ಮಗಳು ಶಕುಂತಲಾ ಹಿತ್ತಲಲ್ಲಿ ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುವಾಗ ಹಾಡುತ್ತಿದ್ದಳು. ಯಾರಿಗೂ ಕೇಳಿಸಲೆಂದಲ್ಲ, ರಾಟೆ ತಿರುಗುತ್ತಿದ್ದಂತೆ ಹಾಡು ತಾನಾಗಿ ಬರುತ್ತಿತ್ತು. ಅಂದಾನಿ ಆಗಾಗ ಟೇಪು ನಿಲ್ಲಿಸಿ ಅದನ್ನು ಕೇಳುತ್ತಿದ್ದ. ಒಂದು ದಿನ ಗೋಡೆಯಾಚೆ ತಲೆ ಹಾಕಿ, "ಶಕ್ಕೂ, ನಿನ್ನ ದನಿ ತರಂಗಣ್ಣ ಕೇಳಬೇಕು ನೋಡು, ಬಿಡೂದಿಲ್ಲ ಅವ ನಿನ್ನ" ಅಂದ. ಆ ಮಾತು ಅವನು ಮನಸಾರೆ ಆಡಿದ್ದು.

ಗುರಪ್ಪ ಅದನ್ನು ಕೇಳಿಸಿಕೊಂಡ. ಅಂಗಡಿಯ ಫೋಟೋ ಅವನೂ ನೋಡಿದ್ದ. ಸಂಜೆ ಮಗ್ಗದಿಂದ ಎದ್ದು ಗೋಡೆಯ ಹತ್ತಿರ ಬಂದು ನಿಂತ.

"ಅಂದಾನಿ, ನಾ ಯಾರ ಹಂತ್ಯಾಕೂ ಏನೂ ಬೇಡಿದಾವಲ್ಲ. ನಿನ್ನ ದೋಸ್ತಗ ಒಂದ ಮಾತ ಹೇಳಪಾ. ಹುಡುಗಿ ಹಾಡಾ ಒಮ್ಮೆ ಕೇಳಲಿ. ಚಲೋ ಇಲ್ಲಂದ್ರ ಇಲ್ಲ ಅನ್ಲಿ, ಬ್ಯಾಸರಿಲ್ಲ."

ಅಂದಾನಿಯ ಕುತ್ತಿಗೆ ಕೆಂಪಾದದ್ದು ನನಗೆ ಕಾಣಿಸಿತು. ಆಗ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ನನ್ನ ಕಡೆ ಒಮ್ಮೆ ನೋಡಿದ. "ಮುಂದಿನ ಸಲ ಗದಗಿಗೆ ಬಂದಾಗ ಭೆಟ್ಟಿ ಮಾಡಸ್ತೀನಿ, ಕಾಕಾ" ಅಂದ. ತರಂಗ್ ಮತ್ತೆ ಬರಲಾರ ಎಂದೇ ಅವನ ಎಣಿಕೆ.

ತರಂಗ್ ಬಂದ. ಗೋಡೆಗೋಡೆಗೆ ಪೋಸ್ಟರ್ ಬಿದ್ದವು. ಅದನ್ನು ನೋಡಿ ಊಟ ಬಿಟ್ಟ ಅಭಿಮಾನಿ ಇಡೀ ಊರಿನಲ್ಲಿ ಅಂದಾನಿ ಒಬ್ಬನೇ ಇರಬೇಕು. ಗುರಪ್ಪನ ಮನೆಯಲ್ಲಿ ಮಾತ್ರ ಹಬ್ಬ. ಅವನು ಓಣಿಗೆಲ್ಲ ಹೇಳಿದ. ಗಾಯಕನಿಗೆ ಕೊಡಲೆಂದು ರೇಷ್ಮೆ ದಡಿಯ ಶಲ್ಯವೊಂದನ್ನು ತಾನೇ ಕೂತು ನೇಯ್ದ. ಶಕುಂತಲಾ ಎರಡು ಹಾಡುಗಳನ್ನು ಮೆಲ್ಲಗೆ, ಮತ್ತೆ ಮತ್ತೆ, ತಿದ್ದಿ ತಿದ್ದಿ ಹಾಡಿಕೊಂಡಳು.

ಅಭಿಮಾನಿ ಸಂಘದವರು ನನ್ನ ಮೈ ಒರೆಸಿ, ಬಣ್ಣ ಹೋದಲ್ಲಿ ಬಣ್ಣ ಹಚ್ಚಿಸಿ, ಈ ಸಲ ಹಿಂದಿನ ಬಾಗಿಲಲ್ಲೇ ನಿಲ್ಲಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಅವರು ಮೂವರೂ ಬಂದರು. ಮುಂದೆ ಅಂದಾನಿ, ಹಿಂದೆ ತೊಳೆದ ಧೋತರ ಉಟ್ಟು ತಲೆಗೆ ಪಟಕಾ ಸುತ್ತಿದ ಗುರಪ್ಪ, ಅವನ ಮಗ್ಗುಲಲ್ಲಿ ಇಳಕಲ್ ಸೀರೆಯ ಶಕುಂತಲಾ. ಗುರಪ್ಪ ಅಂಗಡಿಗೆ ಹೋಗಿ ಆ ಫೋಟೋವನ್ನು ಕಟ್ಟಿನ ಸಮೇತ ಇಸಿದುಕೊಂಡು ಬಂದಿದ್ದ. ಗುರುತಿಗೆ ಇರಲಿ ಎಂದು. ಬಗಲಿನ ಶಲ್ಯದೊಳಗಿಂದ ಅದನ್ನು ಹೊರತೆಗೆಯುವ ತನಕ ಅಂದಾನಿಗೆ ಗೊತ್ತಿರಲಿಲ್ಲ.

"ಕಾಕಾ, ಅದನ್ಯಾಕ ತಂದ್ರಿ? ಒಳಗ ಇಟ್ಕೋರಿ" ಎಂದು ಅಂದಾನಿ ಅನ್ನುವಷ್ಟರಲ್ಲಿ ಕಾರು ಬಂತು.

ಬಾಗಿಲ ಮುಂದೆ ಜನ ಮುತ್ತಿದ್ದರಿಂದ ಕಾರು ನನ್ನೆದುರೇ ನಿಂತಿತು. ಕಾವಲಿನವರು ಎಲ್ಲರನ್ನೂ ದೂಡುತ್ತಿದ್ದರು. ಗುರಪ್ಪ ಮಾತ್ರ ತೋಳು ಚಾಚಿ, ಕಿಟಕಿಯ ಹತ್ತಿರ ಫೋಟೋ ಹಿಡಿದು ಕೂಗಿದ: "ಸಾಹೇಬ್ರ, ನಾವು ನಿಮ್ಮ ದೋಸ್ತ ಅಂದಾನಿ ಕಡಿಯವರ್ರೀ!"

ಕಿಟಕಿ ಇಳಿಯಿತು. ನಾನು ಮೊದಲ ಸಲ ನನ್ನ ಮುಖದ ಒಡೆಯನನ್ನು ಹತ್ತಿರದಿಂದ ಕಂಡೆ. ದಣಿದಿದ್ದ. ಮಾಬುಸಾಬ್ ಬರೆದದ್ದಕ್ಕಿಂತ ಮೂಗು ಸಣ್ಣದು. ಅವನು ಫೋಟೋ ಕೈಗೆ ತೆಗೆದುಕೊಂಡ. ನೋಡಿದ. ತಲೆ ಎತ್ತಿದ. ಎದುರಿಗೆ, ಅಂದಾನಿಯ ಪಕ್ಕದಲ್ಲಿ, ನಾನು ನಿಂತಿದ್ದೆ. ಅದೇ ಹಳದಿ ಅಂಗಿ, ಅದೇ ಎತ್ತಿದ ಕೈ, ಅದೇ ನಗು.

"ಏನಪ್ಪಾ ಇದು! ನನ್ನ ಫ್ರೆಂಡು ಅಂತ ಹೇಳ್ಕೊಂಡು ಈ ಹಲಗೆ ಜೊತೆ ಫೋಟೋ ತೆಗೆಸ್ಕೊಂಡಿದೀಯಲ್ಲೋ!"

ಅವನಿಗೆ ನಿಜಕ್ಕೂ ನಗು ಬಂತು. ಕೆಟ್ಟ ನಗುವಲ್ಲ, ದಾರಿಯಲ್ಲಿ ವಿಚಿತ್ರವೊಂದು ಕಂಡವನ ನಗು. ಕಾರಿನಲ್ಲಿದ್ದವರು ನಕ್ಕರು. ಕಾವಲಿನವರು ನಕ್ಕರು. ಸುತ್ತ ನಿಂತ ಜನ ಒಮ್ಮೆ ಫೋಟೋ, ಒಮ್ಮೆ ನನ್ನನ್ನು ನೋಡಿ ನೋಡಿ ನಕ್ಕರು. ಗುರಪ್ಪ ಏನೂ ತಿಳಿಯದೆ ಎಲ್ಲರ ಮುಖ ನೋಡಿದ. ಕಡೆಗೆ ನನ್ನನ್ನು ನೋಡಿದ. ಆಗ ಅವನಿಗೆ ತಿಳಿಯಿತು. ಅವನು ಅಂದಾನಿಯತ್ತ ತಿರುಗಿದ.

ಅಂದಾನಿಯೂ ನಗುತ್ತಿದ್ದ.

ಎಲ್ಲರೊಂದಿಗೆ ಸೇರಿ, ಹಲ್ಲು ಕಾಣುವಂತೆ, ಇದೆಲ್ಲ ಯಾರೋ ಮುದುಕನ ದಡ್ಡತನ ಎಂಬಂತೆ ನಗುತ್ತಿದ್ದ. ತರಂಗನ ಕಣ್ಣಿಗೆ ಬಿದ್ದೆನಲ್ಲ ಎಂಬ ಹಿಗ್ಗೂ ಆ ನಗುವಿನಲ್ಲಿತ್ತು.

"ಸಾಹೇಬ್ರ, ನಮ್ಮ ಹುಡುಗಿ..." ಎಂದು ಗುರಪ್ಪ ಮತ್ತೆ ಶುರು ಮಾಡಿದ.

"ಟೈಮ್ ಇಲ್ಲ ಯಜಮಾನ್ರೆ, ಇನ್ನೊಂದ್ಸಲ ನೋಡೋಣ" ಎಂದ ತರಂಗ್. ಆಮೇಲೆ ಅಂದಾನಿಗೆ, "ನೀನ್ ಬಾರೋ, ಒಳ್ಳೇ ಆಸಾಮಿ ನೀನು" ಎಂದು ಒಂದು ಪಾಸು ಕೊಟ್ಟ. ಕಾರಿನಿಂದ ಕೈಚಾಚಿ ನನ್ನ ಮೊಣಕಾಲಿನ ಮೇಲೆ ದಪ್ಪ ಪೆನ್ನಿನಿಂದ ಸಹಿ ಹಾಕಿದ. ಕಾರು ಒಳಗೆ ಹೋಯಿತು. ಅದರ ಹಿಂದೆ ಅಂದಾನಿಯೂ ಹೋದ. ತಿರುಗಿ ನೋಡಲಿಲ್ಲ.

ಶಕುಂತಲಾ ಅಪ್ಪನ ಮೊಣಕೈ ಹಿಡಿದಳು. "ಅಪ್ಪಾ, ಮನಿಗೆ ನಡಿ" ಎಂದಳು. ಗುರಪ್ಪ ಶಲ್ಯವನ್ನು ಮತ್ತೆ ನೀಟಾಗಿ ಮಡಚಿ ಬಗಲಲ್ಲಿಟ್ಟುಕೊಂಡ. ಅವರು ರಸ್ತೆಯ ತಿರುವು ದಾಟುವ ತನಕ ನಾನು ನೋಡುತ್ತಿದ್ದೆ. ಒಳಗೆ ಹಾಡು ಶುರುವಾಯಿತು, ಜನ ಹೋ ಎಂದರು. ನನ್ನ ಮುಖ ಮಾತ್ರ ನಗುತ್ತಲೇ ಇತ್ತು. ಮಾಬುಸಾಬ್ ಅಷ್ಟು ಕಷ್ಟಪಟ್ಟು ತಂದ ನಗು. ಅದನ್ನು ಮುಚ್ಚುವುದು ನನಗೆ ಬರುವುದಿಲ್ಲ.

ಅಂದಾನಿ ನನ್ನನ್ನು ಮನೆಗೆ ತಂದು, ಮುಖ ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದ. ಸ್ಟೇಡಿಯಮ್ಮಿನೊಳಗೆ ಕೂತು ಹಾಡು ಕೇಳಿದನೋ ಇಲ್ಲವೋ, ನನಗೆ ತಿಳಿಯಲಿಲ್ಲ. ಗೋಡೆಯಾಚೆ ಮಗ್ಗ ಎಂದಿನಂತೆ ಬಡಿಯುತ್ತಿತ್ತು, ರಾಟೆ ತಿರುಗುತ್ತಿತ್ತು. ಹಾಡು ಮಾತ್ರ ಇರಲಿಲ್ಲ. ಇಂದು ಬಂದೀತು, ನಾಳೆ ಬಂದೀತು ಎಂದು ಅಂದಾನಿ ಹಿತ್ತಲಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದ. ಕಡೆಗೊಂದು ಸಂಜೆ ಗೋಡೆಯ ಹತ್ತಿರ ಹೋಗಿ ಕರೆದ.

"ಕಾಕಾ, ನಂದು ತಪ್ಪಾತು. ಸುಳ್ಳ ಹೇಳಿದೆ."

ಮಗ್ಗ ನಿಂತಿತು. ಗುರಪ್ಪ ಹೊರಗೆ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಸುಳ್ಳ ಹೇಳಿದ್ದು ಏನ್ ದೊಡ್ಡದಲ್ಲಪಾ. ಹುಡುಗರು ಹೇಳ್ತಾವ. ಹಲಗಿ ಐತಿ ಕಾಕಾ ಅದು ಅಂತ ಮೊದಲ ಹೇಳಿದ್ರ, ನಾನೂ ನೀನೂ ಇಲ್ಲೇ ಕುಂತ ನಗತಿದ್ವಿ. ನೀ ಅಲ್ಲಿ ಅವರ ಜೋಡಿ ನಕ್ಕಿ. ನಮ್ಮನ್ನ ನೋಡಿ ನಕ್ಕಿ. ನನ್ನ ಹುಡುಗಿ ಬಾಯಿ ತಗದ್ರ ಸಾಕು, ಅಕಿಗೆ ಆ ನಗಿ ಕೇಳಸ್ತೈತಂತ."

ಅಂದಾನಿ ಗೋಡೆ ಹಿಡಿದು ನಿಂತೇ ಇದ್ದ.

"ಬರಬ್ಯಾಡ ಅನ್ನೂದಿಲ್ಲ" ಎಂದ ಗುರಪ್ಪ. "ಇವತ್ತ ಹೋಗು."

ಮರುದಿನ ಅಂದಾನಿ ನನ್ನನ್ನು ಒಲೆಗೆ ಹಾಕಲು ಕೊಡಲಿ ತಂದ. ನೀಲವ್ವ ಬಿಡಲಿಲ್ಲ. "ಹಲಗಿ ಏನ್ ಮಾಡೇತಿ ನಿನಗ? ಬಚ್ಚಲಕ್ಕ ಬಾಗಲಿಲ್ಲ, ಅದಕ್ಕ ಹಚ್ಚು" ಎಂದಳು. ಎತ್ತಿದ ಕೈಯನ್ನೂ ಪಾದಗಳನ್ನೂ ಕತ್ತರಿಸಿ, ಸಂದಿಗಳಿಗೆ ಪಟ್ಟಿ ಬಡಿದು, ನನ್ನನ್ನು ಬಚ್ಚಲಿನ ಬಾಗಿಲು ಮಾಡಿದರು. ಮುಖ ಒಳಗಡೆ ಬಂತು. ದಿನಾ ಸ್ನಾನಕ್ಕೆ ಬಂದರೆ ಅಂದಾನಿಗೆ ಆ ನಗುವಿನ ಎದುರೇ ನಿಲ್ಲಬೇಕು. ಕೆಲವು ದಿನ ಬೆನ್ನು ತಿರುಗಿಸಿ ಮೈತೊಳೆದ. ಆಮೇಲೆ ನೀಲಿ ಎಣ್ಣೆಬಣ್ಣ ತಂದು ಮುಖ, ಅಂಗಿ, ಸಹಿ ಎಲ್ಲದರ ಮೇಲೂ ಬಳಿದ. ನನಗೆ ಹಗುರವಾಯಿತು.

ಕಾಲ ಸರಿಯಿತು. ಕ್ಯಾಸೆಟ್ಟುಗಳು ಹೋದವು, ಅಂಗಡಿ ಮುಚ್ಚಿತು. ಅಂದಾನಿ ಮಿಕ್ಸರ್, ಫ್ಯಾನು ರಿಪೇರಿ ಕಲಿತ. ಕೂದಲು ಕತ್ತರಿಸಿಕೊಂಡ. ತರಂಗನ ಹೆಸರು ಮೊದಲು ಪೋಸ್ಟರುಗಳಿಂದ, ಆಮೇಲೆ ಜನರ ಬಾಯಿಂದ ಮರೆಯಾಯಿತು. ಕಟೌಟುಗಳ ಜಾಗಕ್ಕೆ ಫ್ಲೆಕ್ಸ್ ಬಂತು. ಶಕುಂತಲಾಳನ್ನು ರೋಣಕ್ಕೆ ಕೊಟ್ಟರು. ಲಗ್ನದಲ್ಲಿ ಅಂದಾನಿ ಎಲ್ಲರಿಗಿಂತ ಹೆಚ್ಚು ದುಡಿದ. ಊಟದ ಪಂಕ್ತಿಯಲ್ಲಿ ಮಾತ್ರ ಕೂರಲಿಲ್ಲ ಎಂದು ನೀಲವ್ವ ಹೇಳುತ್ತಿದ್ದಳು.

ಚೊಚ್ಚಲ ಬಾಣಂತನಕ್ಕೆ ಶಕುಂತಲಾ ತವರಿಗೆ ಬಂದಳು. ಕೂಸುಗಳಿಗೆ ನೀರೆರೆಯುವುದರಲ್ಲಿ ನೀಲವ್ವನದು ಪಳಗಿದ ಕೈ. ಅದಕ್ಕೇ ಒಂದು ಮುಂಜಾನೆ ಶಕುಂತಲಾ ಕೂಸನ್ನು ಎತ್ತಿಕೊಂಡು ನಮ್ಮ ಬಚ್ಚಲಿಗೆ ಬಂದಳು. ನೀಲವ್ವ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳು. ಕೂಸು ಮುಗಿಲು ಹರಿಯುವಂತೆ ಅತ್ತಿತು. ರಮಿಸಿದರೂ ನಿಲ್ಲಲಿಲ್ಲ, ಗದರಿದರೂ ನಿಲ್ಲಲಿಲ್ಲ. ಆಗ ಶಕುಂತಲಾ, ಬೇರೆ ದಾರಿ ಕಾಣದೆ, ಹಾಡತೊಡಗಿದಳು.

ದನಿ ಮೊದಲು ಒಡೆಯಿತು. ಬಳಸದೆ ಬಿಟ್ಟ ಬಾವಿಯ ರಾಟೆಯಂತೆ ಕಿರುಗುಟ್ಟಿತು. ಮೆಲ್ಲಗೆ ದಾರಿ ಹಿಡಿಯಿತು. ಕೂಸಿನ ಅಳು ಬಿಕ್ಕಾಗಿ, ಬಿಕ್ಕೂ ಇಳಿಯಿತು.

ಕೆಲಸದ ಚೀಲ ಹಿಡಿದು ಹೊರಟಿದ್ದ ಅಂದಾನಿ ಹಿತ್ತಲಿಗೆ ಬಂದವನು ಅಲ್ಲೇ ನಿಂತ. ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಆದರೂ ಕಾಲಿಗೆ ತಂಬಿಗೆ ತಾಗಿತು.

ಹಾಡು ನಿಂತಿತು. "ಹೊರಗ ಯಾರ ಬಂದಂಗಾತು, ದೊಡ್ಡವ್ವ?" ಎಂದಳು ಶಕುಂತಲಾ.

ನೀಲವ್ವ ನನ್ನ ಸಂದಿಯಿಂದ ಹೊರಗೆ ನೋಡಿದಳು. ಮಗ ಅಲ್ಲಿ ಎರಡೂ ಕೈ ಜೋಡಿಸಿ, ಹೇಳಬೇಡ ಎಂದು ತಲೆಯಾಡಿಸುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ತನ್ನ ಮೆಚ್ಚುಗೆಯನ್ನು ಊರಿಗೆಲ್ಲ ಸಾರಿದ ಆ ಹುಡುಗ ಈಗ, ತಾನು ಕೇಳುತ್ತಿರುವುದು ಹಾಡುವವಳಿಗೂ ಗೊತ್ತಾಗಬಾರದು ಎಂದು ಬೇಡುತ್ತಿದ್ದ. ಹಾಡುವವಳಿಗೂ ಕೇಳುವವನಿಗೂ ನಡುವೆ ನಾನು ನಿಂತಿದ್ದೆ. ಹಿಂದೆಂದೂ ನಾನು ಇಷ್ಟು ಒಳ್ಳೆಯ ಕೆಲಸಕ್ಕೆ ಬಂದಿರಲಿಲ್ಲ.

"ಯಾರಿಲ್ಲವ್ವಾ" ಎಂದಳು ನೀಲವ್ವ. "ನೀ ಹಾಡು."