ವಾಹ್ ಅನ್ನುವವರ ಜಮಖಾನ

ನಾನೊಂದು ಜಮಖಾನ. ನೀವು ಮುಖ ನೋಡಿ ಮಣೆ ಹಾಕುವವರು. ನನಗೆ ಕಾಣುವುದು ಅಂಗಾಲು, ಹಿಮ್ಮಡಿ, ಮತ್ತೆ ಹೆಸರು ಹೇಳಬಾರದ ಇನ್ನೊಂದು ಭಾಗ. ಇಷ್ಟು ವರ್ಷದ ಅನುಭವದ ಮೇಲೆ ಹೇಳುತ್ತೇನೆ, ನಿಮ್ಮ ಮುಖಗಳು ಹೆಚ್ಚು ಕಾಣದಿದ್ದರಿಂದ ನನಗೇನೂ ನಷ್ಟವಾಗಿಲ್ಲ.

ಹುಟ್ಟಿದ್ದು ನವಲಗುಂದದಲ್ಲಿ. ಖೈರುನಬಿ ಎಂಬ ಹೆಂಗಸು ಪಡಸಾಲೆಯಲ್ಲಿ ನಿಲ್ಲಿಸಿದ ಮಗ್ಗದ ಮುಂದೆ ಕೂತು ಕೆಂಪು, ಹಳದಿ, ನೀಲಿ ನೂಲಿನಿಂದ ನನ್ನನ್ನು ನೆಯ್ದಳು. ಎಳೆ ಹಾಕಿದ ಮೇಲೆಲ್ಲ ಕಬ್ಬಿಣದ ಹಣಿಗೆಯಿಂದ ಧಪ್ ಧಪ್ ಎಂದು ಬಡಿಯುತ್ತಿದ್ದಳು. ಆ ಬಡಿತ ಒಮ್ಮೆಯೂ ಹಿಂದೆ ಮುಂದೆ ಆಗಲಿಲ್ಲ. ತಾಳ ಎಂದರೇನೆಂದು ನಾನು ಕಲಿತದ್ದು ಅವಳ ಕೈಯಲ್ಲಿ. ಆಮೇಲೆ ಧಾರವಾಡಕ್ಕೆ ಬಂದು, ತಾಳ ಬಲ್ಲೆವೆಂದು ತೊಡೆ ತಟ್ಟುವ ಜನರ ಕೆಳಗೆ ಬಿದ್ದೆ. ನನ್ನ ಹಣೆಬರಹ.

ನನ್ನನ್ನು ಕೊಂಡವರು ವಾಮನರಾವ್ ಗಲಗಲಿ, ನಿವೃತ್ತ ಇಂಜಿನಿಯರರು. ಅವರ ಮನೆಯ ಹಿತ್ತಲಿನಲ್ಲಿ ಒಂದು ಚಿಕ್ಕು ಗಿಡ, ಗೋಡೆಗೆ ಒತ್ತಿಕೊಂಡು ಒಂದು ತೆಂಗಿನ ಮರ, ಸುತ್ತ ಮಲ್ಲಿಗೆ ಕುಂಡಗಳು. ತಿಂಗಳಿಗೊಮ್ಮೆ ಸಂಜೆ ಆ ಗಿಡದ ಕೆಳಗೆ ನನ್ನನ್ನು ಹಾಸಿ ಗಾಯನ ಇಡಿಸುತ್ತಿದ್ದರು. "ಮೈಕ್ ಇಲ್ರಿ, ಗದ್ದಲ ಇಲ್ರಿ. ತಿಳಿದವರಷ್ಟ ಬರ್ತಾರ," ಎಂದು ಫೋನಿನಲ್ಲಿ ಊರಿಗೆಲ್ಲ ಹೇಳುತ್ತಿದ್ದರು.

ತಿಳಿದವರಂತೆ! ಬಂದವರನ್ನು ಹೊತ್ತವನು ನಾನು, ನನ್ನನ್ನು ಕೇಳಿ. ಒಬ್ಬ ಡಾಕ್ಟರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು, ಅದು ನಿದ್ದೆ. ಒಬ್ಬ ವಕೀಲರು ಹಾಡು ಮುಗಿಯುವವರೆಗೆ ನನ್ನ ಅಂಚಿನ ಎಳೆ ಕೀಳುತ್ತಿದ್ದರು. ಒಬ್ಬ ಹೆಂಗಸು ತೊಡೆ ತಟ್ಟಿ ಹಾಕುತ್ತಿದ್ದ ತಾಳಕ್ಕೂ ತಬಲಾಕ್ಕೂ ಹುಟ್ಟಾ ವೈರ. ರಾಯರ ಹೆಂಡತಿ ಕುಮುದಾಬಾಯಿ ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕಿದರೆ ಸಾಕು, ಎಲ್ಲರ ಮೊಣಕಾಲೂ ಆ ಕಡೆಗೆ ತಿರುಗುತ್ತಿದ್ದವು.

ಆದರೂ ಸರಿಯಾದ ಜಾಗದಲ್ಲಿ ಎಲ್ಲರೂ ಒಟ್ಟಿಗೆ "ವಾಹ್" ಎನ್ನುತ್ತಿದ್ದರು. ಹೇಗೆ ಅಂತೀರಿ? ಹಂಚಿನಾಳ ಮಾಸ್ತರರಿಂದ. ಮುಂದಿನ ಸಾಲಿನ ನಡುವೆ, ತಬಲಾದ ಎದುರಿಗೆ, ಬಿಳಿ ಧೋತರದ ಆ ಮುದುಕರ ಜಾಗ. ಅದರಲ್ಲಿ ಬೇರೆ ಯಾರೂ ಕೂಡುತ್ತಿರಲಿಲ್ಲ. ಅವರು ವಾಹ್ ಅಂದರೆ ಹಿಂದಿನವರೆಲ್ಲ ವಾಹ್ ಅಂದರು. ಅವರು ಸುಮ್ಮನಿದ್ದರೆ ಇವರ ಬಾಯಿಗೂ ಬೀಗ. ಒಟ್ಟು ಹಿತ್ತಲಿಗೆ ಒಂದೇ ಜೊತೆ ಕಿವಿ.

ಆ ಕಿವಿಗೂ ಏನೂ ಕೇಳಿಸುತ್ತಿರಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಮಾಸ್ತರರು ಪೂರಾ ಕಿವುಡರಾಗಿದ್ದರು. ಕೂತ ತಕ್ಷಣ ಬಲಗೈ ಅಂಗೈಯನ್ನು ನನ್ನ ಮೇಲೆ ಒತ್ತಿ ಇಡುತ್ತಿದ್ದರು. ತಬಲಾದ ಪೆಟ್ಟು ನೆಲದಿಂದ ನನಗೆ, ನನ್ನಿಂದ ಅವರ ಅಂಗೈಗೆ ಹೋಗುತ್ತಿತ್ತು. ಗಾಯಕ ಸ್ವರಗಳಲ್ಲಿ ಸುತ್ತಾಡಿ ತಾಳದ ಮೊದಲ ಪೆಟ್ಟಿಗೆ ಬಂದು ಇಳಿದಾಗ ಆ ಅಂಗೈ ಝುಮ್ಮೆನ್ನುತ್ತಿತ್ತು, ಮರುಕ್ಷಣ ವಾಹ್. ಒಮ್ಮೆ ರಾಯರು, "ಚಹಾ ತರಸ್ಲೇನ್ರಿ ಮಾಸ್ತರ?" ಎಂದು ಕೇಳಿದರೆ ಇವರು, "ಭಾಳ ಛಲೋ ಹಾಡಿದ್ರು," ಎಂದರು. "ಇನ್ನೂ ರಾಗದಾಗ ಮುಳುಗ್ಯಾರ ನೋಡ್ರಿ," ಎಂದು ರಾಯರು ಹಿಂದಿನವರಿಗೆ ಹೇಳಿ ಕೈ ಮುಗಿದರು. ನನಗೆ ನಗಲು ಬಾಯಿಲ್ಲ.

ಆ ಮುದುಕರ ಮೇಲೆ ಮಾತ್ರ ನನಗೆ ತಾತ್ಸಾರ ಹುಟ್ಟಲಿಲ್ಲ. ಕಿವಿ ಇದ್ದವರು ಅವಲಕ್ಕಿಗೆ ಬರುತ್ತಿದ್ದರು, ಕಿವಿ ಇಲ್ಲದ ಇವರು ಹಾಡಿಗೆ ಬರುತ್ತಿದ್ದರು.

ಒಂದು ಸಂಜೆ ಗದುಗಿನಿಂದ ರೇವತಿ ಬಡಿಗೇರ ಎಂಬ ಹುಡುಗಿ ಹಾಡಲು ಬಂದಳು. ತಂಬೂರಿಯನ್ನು ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳಂತೆ. ರಾಯರು ಮೊದಲೇ ಹೆದರಿಸಿದರು. "ನೋಡವಾ, ಮಾಸ್ತರ ಬಾಯಿಂದ ಒಂದು ವಾಹ್ ಬಂತಂದ್ರ ನಿನ್ನ ದಾರಿ ತೆರೀತು. ಬರಲಿಲ್ಲಂದ್ರ ನನಗೇನೂ ಮಾಡ್ಲಿಕ್ಕೆ ಬರೂದಿಲ್ಲ."

ಹುಡುಗಿ ತಬಲಾ ಇಲ್ಲದೆ ಆಲಾಪ ಶುರು ಮಾಡಿದಳು. ಏನು ದನಿ ಅಂತೀರಿ! ನನ್ನ ಮೇಲೆ ಅಷ್ಟು ಜನ ಹಾಡಿದ್ದಾರೆ, ಅಂಥದ್ದು ಅದೇ ಮೊದಲು. ಆದರೆ ತಬಲಾ ಇಲ್ಲದ ಆಲಾಪ ಅಂಗೈಗೆ ಹೇಗೆ ತಿಳಿಯಬೇಕು? ಮಾಸ್ತರರ ಕೈ ನನ್ನ ಮೇಲೆ ಅತ್ತಿತ್ತ ಹುಡುಕಾಡಿತು. ಏನೂ ಸಿಗದೆ ಸುಮ್ಮನಾದರು. ಹಿಂದಿನವರೆಲ್ಲ ಅವರ ಬೆನ್ನು ನೋಡುತ್ತ ಬಾಯಿ ಹೊಲಿದುಕೊಂಡು ಕೂತರು. ಇಷ್ಟು ಹಾಡಿದರೂ ಒಂದು ಹೂಂ ಇಲ್ಲ. ಹುಡುಗಿಯ ಪಾದ ತಣ್ಣಗಾಯಿತು. ಅವಳು ಹಾಡು ನಿಲ್ಲಿಸಿ, ನೀರಿನ ಲೋಟಕ್ಕೆ ಕೈ ಚಾಚಿದಳು.

ಆಗ ಗೋಡೆಯ ಹತ್ತಿರ ತೆಂಗಿನ ಮರದಿಂದ ಒಂದು ಕಾಯಿ ಧಡ್ ಎಂದು ನೆಲಕ್ಕೆ ಬಿತ್ತು.

ಮಾಸ್ತರರ ಅಂಗೈ ಅದನ್ನು ಹಿಡಿಯಿತು. "ವಾಹ್! ಕ್ಯಾ ಬಾತ್ ಹೈ!"

ತಕೋ, ಹಿಂದಿನಿಂದ ವಾಹ್ ವಾಹ್ ಶುರುವಾಯಿತು. ಡಾಕ್ಟರು ಎಚ್ಚರಾಗಿ ಎಲ್ಲರಿಗಿಂತ ಜೋರಾಗಿ ವಾಹ್ ಅಂದರು. ವಕೀಲರು ಎಳೆ ಕೀಳುವುದು ಬಿಟ್ಟು ಚಪ್ಪಾಳೆ ಹೊಡೆದರು. ಹುಡುಗಿ ನೀರು ಕುಡಿಯುತ್ತಿದ್ದಾಳೆ, ಇವರು ತೆಂಗಿನಕಾಯಿಗೆ ಶಹಬ್ಬಾಸ್ ಹೇಳುತ್ತಿದ್ದಾರೆ. ಇಂಥವರನ್ನು ಹೊರಬೇಕಲ್ಲ ಎಂದು ನನಗೆ ಹೇಸಿಗೆಯಾಯಿತು.

ರೇವತಿ ಕಾಯಿ ನೋಡಿದಳು, ಮಾಸ್ತರರ ಮುಖ ನೋಡಿದಳು, ಆಮೇಲೆ ನನ್ನ ಮೇಲೆ ಒತ್ತಿದ್ದ ಅವರ ಅಂಗೈ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಒಂದು ಮಾತು ಹೇಳಿದ್ದರೆ ಮುದುಕರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಲೋಟ ಕೆಳಗಿಟ್ಟು ಮತ್ತೆ ಆಲಾಪಕ್ಕೆ ಇಳಿದಳು. ಸ್ವರ ಬಂದು ನಿಲ್ಲುವ ಜಾಗದಲ್ಲೆಲ್ಲ ಎಡಗೈ ಬೆರಳ ಗೆಣ್ಣಿನಿಂದ ನನ್ನ ಮೇಲೆ ಮೆಲ್ಲಗೆ ಕುಟ್ಟಿದಳು. ಖೈರುನಬಿಯ ಹಣಿಗೆಯ ಹಾಗೆ, ಹಿಂದಿಲ್ಲ ಮುಂದಿಲ್ಲ. ಮಾಸ್ತರರು ವಾಹ್ ಅಂದರು, ಊರು ವಾಹ್ ಅಂದಿತು.

ಎಲ್ಲರೂ ಅವಲಕ್ಕಿಗೆ ಎದ್ದಾಗ ಮಾಸ್ತರರು ಅವಳನ್ನು ಹತ್ತಿರ ಕರೆದರು. "ನಿನಗ ಗೊತ್ತಾತು."

ಅವಳು ತಲೆಯಾಡಿಸಿದಳು.

"ಯಾರ ಮುಂದೂ ಅನಬ್ಯಾಡ ಮಗಳ. ಮನ್ಯಾಗ ನನ್ನ ಕೂಡ ಯಾರೂ ಮಾತಾಡೂದಿಲ್ಲ. ಒದರಿ ಒದರಿ ಅವರಿಗೂ ಸಾಕಾಗೇತಿ. ಈ ಜಾಗ ಒಂದು ಹೋತಂದ್ರ ನಾ ಎಲ್ಲಿ ಕುಂಡ್ರಲಿ?"

ರೇವತಿ ಅವರ ಅಂಗೈ ಪಕ್ಕದಲ್ಲಿ ಗೆಣ್ಣಿನಿಂದ ಒಮ್ಮೆ ಕುಟ್ಟಿದಳು. ಮಾಸ್ತರರು ನಕ್ಕರು.

ವರ್ಷಗಳು ಕಳೆದವು. ರೇವತಿ ದೊಡ್ಡ ಊರುಗಳಲ್ಲಿ ಹಾಡತೊಡಗಿದಳು. ಇತ್ತ ರಾಯರ ಹಿತ್ತಲಿಗೆ ಶ್ರೀಮಂತರು ಬರತೊಡಗಿದರು. ಅವರ ಮೊಣಕಾಲು ಬಗ್ಗುವುದಿಲ್ಲ. ರಾಯರು ನೆಲಕ್ಕೆ ಫರಸಿ ಕಲ್ಲು ಹಾಕಿಸಿ, ಪ್ಲಾಸ್ಟಿಕ್ ಖುರ್ಚಿ ತರಿಸಿದರು. ನನ್ನನ್ನು ಸುತ್ತಿ ಬಚ್ಚಲುಮನೆಯ ಪಕ್ಕದ ಶೆಡ್ಡಿಗೆ ಎಸೆದರು. ಅಲ್ಲಿ ಮೋತಿ ಎಂಬ ನಾಯಿ ನನ್ನ ಮೇಲೆ ಮಲಗಿತು.

ಶೆಡ್ಡಿನ ಬಾಗಿಲ ಸಂದಿನಿಂದ ಖುರ್ಚಿಗಳ ಮೊದಲ ಸಂಜೆಯನ್ನು ಕಂಡೆ. ಮಾಸ್ತರರನ್ನು ಮರ್ಯಾದೆಯಿಂದ ಎತ್ತಿ ಮುಂದಿನ ಖುರ್ಚಿಯಲ್ಲಿ ಕೂಡಿಸಿದರು. ಅವರ ಅಂಗೈ ಪ್ಲಾಸ್ಟಿಕ್ಕಿನ ಕೈಯನ್ನು ಸವರಿತು. ಅದರಲ್ಲಿ ಯಾವ ಪೆಟ್ಟು ತಿಳಿಯಬೇಕು, ಮಣ್ಣು! ತಬಲಜಿ ಸುತ್ತಿಗೆಯಿಂದ ಶ್ರುತಿ ಸೇರಿಸುತ್ತಿದ್ದ. ಮಾಸ್ತರರು ಅವನ ಕೈ ನೋಡಿ ವಾಹ್ ಅಂದರು. "ಇನ್ನೂ ಶುರುನ ಮಾಡಿಲ್ರಿ ಅಜ್ಜಾರ," ಎಂದ ಹೊಸ ಗಾಯಕ. ಎಲ್ಲರೂ ನಕ್ಕರು. ಎಷ್ಟೋ ವರ್ಷ ಆ ಮುದುಕರ ಬೆನ್ನು ನೋಡಿ ಬಾಯಿ ಬಿಟ್ಟವರೇ ಬಾಯಿ ತುಂಬ ನಕ್ಕರು. ಮಾಸ್ತರರು ಮತ್ತೆ ಬರಲಿಲ್ಲ.

ಆಮೇಲೆ ಒಂದು ಸಂಜೆ ರೇವತಿಯೇ ಹಾಡಲು ಬಂದಳು. ಹಿತ್ತಲಿಗೆ ಕಾಲಿಟ್ಟವಳು ಖುರ್ಚಿ ನೋಡಿ ನಿಂತಳು. "ಜಮಖಾನ ಎಲ್ಲೈತ್ರಿ?"

"ಅದು ಹಳೇದಾತು. ನಾಯಿಗೆ ಹಾಕೇವಿ," ಎಂದರು ರಾಯರು.

"ಝಾಡಿಸಿ ತರ್ರಿ. ಫರಸಿ ಮ್ಯಾಲ ಬ್ಯಾಡ, ಚಿಕ್ಕು ಗಿಡದ ಆ ಕಡೆ ಮಣ್ಣಿನ ಮ್ಯಾಲ ಹಾಸ್ರಿ. ಮಾಸ್ತರನ್ನೂ ಕರಕೊಂಡು ಬರ್ರಿ. ಅವರು ಬರೂತನಕ ನಾ ಹಾಡೂದಿಲ್ಲ."

ನನ್ನನ್ನು ತಂದರು. ಬಗ್ಗದ ಮೊಣಕಾಲುಗಳೆಲ್ಲ ಅಯ್ಯೋ ಅಮ್ಮಾ ಎನ್ನುತ್ತ ಬಗ್ಗಿದವು. ಆ ಒಂದು ಸುಖ ನನಗೆ ಸಿಕ್ಕಿತು. ಮಾಸ್ತರರನ್ನು ಇಬ್ಬರು ಹಿಡಿದುಕೊಂಡು ಬಂದು ನನ್ನ ಮೇಲಿನ ಅವರ ಹಳೆಯ ಜಾಗದಲ್ಲಿ ಕೂಡಿಸಿದರು. ಅಲ್ಲಿ ನನ್ನ ನೂಲು ಅವರ ಅಂಗೈಯಷ್ಟಗಲ ಸವೆದಿತ್ತು. ಕೈ ತಾನಾಗಿ ಅಲ್ಲಿಗೇ ಬಂತು.

ರೇವತಿ ಬರೀ ಆಲಾಪವನ್ನೇ ಹಾಡಿದಳು. ಎಡಗೈ ಗೆಣ್ಣು ನನ್ನ ಮೇಲೆ ಕುಟ್ಟುತ್ತಲೇ ಇತ್ತು. ಮೊದಮೊದಲು ಮಾಸ್ತರರು ತಲೆದೂಗಿದರು. ಆಮೇಲೆ ಎರಡೂ ಅಂಗೈ ಊರಿದರು. ಆಮೇಲೆ ಬಗ್ಗಿ ಹಣೆಯನ್ನೇ ನನ್ನ ಮೇಲೆ ಇಟ್ಟರು. ಹಾಡು ಮುಗಿಯುವವರೆಗೆ ಏಳಲಿಲ್ಲ. ವಾಹ್ ಅನ್ನುವುದು ಅವರಿಗೆ ಮರೆತೇಹೋಯಿತು.

ನಕ್ಕದ್ದನ್ನು ಮರೆತು ಜನ ಹಳೆಯ ಚಾಳಿಯಂತೆ ಅವರನ್ನೇ ಕಾಯುತ್ತ ಕೂತಿತ್ತು. ಒಬ್ಬನ ಬಾಯಿಂದಲೂ ಒಂದು ವಾಹ್ ಹೊರಡಲಿಲ್ಲ.

ಎಲ್ಲರೂ ಹೋದ ಮೇಲೆ ರಾಯರು ಹೆಂಡತಿಗೆ ಹೇಳಿದರು. "ಯಾಕೋ ಇವತ್ತ ರಂಗ ಏರಲಿಲ್ಲ ನೋಡು. ಮಾಸ್ತರು ಒಮ್ಮೆನೂ ವಾಹ್ ಅನಲಿಲ್ಲ."

ನನ್ನನ್ನು ಮಡಿಸುತ್ತಿದ್ದ ಕುಮುದಾಬಾಯಿಯ ಕೈಗೆ ಆ ಸವೆದ ಜಾಗ ಒದ್ದೆ ಹತ್ತಿತು. "ಯಾರೋ ನೀರು ಚೆಲ್ಲ್ಯಾರ," ಎಂದು ಗೊಣಗಿದರು.

ಮರುದಿನ ಖುರ್ಚಿಗಳು ಬಂದವು, ನಾನು ಶೆಡ್ಡಿಗೆ ಹೋದೆ. ಈಗ ನನ್ನ ಅಂಚು ಬಿಚ್ಚಿದೆ, ಬಣ್ಣ ಹೋಗಿದೆ. ಹಿತ್ತಲಿನಿಂದ ಆಗಾಗ ಚಪ್ಪಾಳೆ ಕೇಳುತ್ತದೆ, ಯಾವುದಕ್ಕೆ ಎಂದು ನಾನು ವಿಚಾರಿಸುವುದಿಲ್ಲ. ಮೋತಿ ನನ್ನ ಮೇಲೆ ಮಲಗುತ್ತದೆ. ಮೈತುಂಬ ಉಣ್ಣೆ ಹುಳ, ಬಾಯಿ ವಾಸನೆ. ಆದರೂ ಇದರ ಜೊತೆ ನನಗೆ ಹೊಂದುತ್ತದೆ. ಬೊಗಳಬೇಕು ಅನ್ನಿಸಿದರೆ ಇದು ಬೊಗಳುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ.