ಬಿಲ್ಲೆಯ ಮಡಿಕೆ

ಸೇಡಿನ ವಿಷಯದಲ್ಲಿ ಚುಕ್ಕಿ ಅವಸರದವಳಲ್ಲ. ಎರಡು ಬೆರಳಗಲದ ಬಿಲ್ಲೆಯೊಳಗೆ ಒಂದು ಹಿಂಡು ಹಕ್ಕಿ ಕೂರಿಸುವವಳಿಗೆ ತಾಳ್ಮೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎದೆಗೋ ಚೀಲಕ್ಕೋ ಚುಚ್ಚಿಕೊಳ್ಳುವ ಪಿನ್ ಬಿಲ್ಲೆಗಳಿಗೆ ಚಿತ್ರ ಬರೆಯುವುದು ಅವಳ ಕಸುಬು. ಕಾಗದ ಕತ್ತರಿಸಿ ಒತ್ತುಯಂತ್ರದ ಹಿಡಿ ಎಳೆಯುವುದು ಅಕ್ಕ. ಅಂಗಡಿ ಅಕ್ಕನ ಗಂಡನದು. ಅಲ್ಲಿ ಭಾವನ ಕೆಲಸವೇನೆಂದು ಯಾರಾದರೂ ಕೇಳಿದರೆ ಭಾವನೇ ಉತ್ತರಿಸುತ್ತಿದ್ದ. ಅದೇ ಅವನ ಕೆಲಸ.

ಹೋದ ವರ್ಷ ಚುಕ್ಕಿಯ ಹಕ್ಕಿಗಳ ಸರಣಿ ಭಾವನ ಹೆಸರಿನಲ್ಲಿ ಹೊರಬಂತು. "ಬೆಳಗಾದ್ರೆ ನನ್ನ ಕಿಟಕಿಗೆ ಹಕ್ಕಿಗಳು ಬಂದು ಕೂರ್ತವೆ, ನಾನು ನೋಡಿದ್ದನ್ನ ಬರೀತೀನಿ ಅಷ್ಟೆ" ಎಂದು ಪತ್ರಿಕೆಯವರ ಮುಂದೆ ಹೇಳಿಕೊಂಡಿದ್ದ. ಅವನ ಕಿಟಕಿಯ ಎದುರಿಗಿದ್ದದ್ದು ಟೈರ್ ಅಂಗಡಿಯ ಗೋಡೆ. ಚುಕ್ಕಿ ಜಗಳಕ್ಕೆ ನಿಂತಾಗ, "ಮನೆಯವರಲ್ಲಿ ನಿಂದು ನಂದು ಅಂತ ಏನಮ್ಮಾ? ಅಷ್ಟು ಚಿಕ್ಕ ಬಿಲ್ಲೆ ಮೇಲೆ ಹೆಸರು ಹಾಕೋಕೆ ಜಾಗ ಎಲ್ಲಿದೆ ಹೇಳು" ಎಂದು ಅವಳ ತಲೆ ತಟ್ಟಿದ. ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ. ಅವನು ತಟ್ಟಿದ ಜಾಗ ಚುಕ್ಕಿಗೆ ಇವತ್ತಿಗೂ ಉರಿಯುತ್ತಿತ್ತು. ಅಕ್ಕ ಸುಮ್ಮನಿದ್ದದ್ದು ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಜಾಗವೇನೋ ಇತ್ತು. ಯಂತ್ರ ಮುಟ್ಟಿದವರಿಗೆ ಮಾತ್ರ ಗೊತ್ತಿರುವ ಜಾಗ. ಕತ್ತರಿಸುವ ಕಾಗದದ ವೃತ್ತ ಬಿಲ್ಲೆಗಿಂತ ಚೂರು ದೊಡ್ಡದು. ಹಿಡಿ ಎಳೆದಾಗ ಸುತ್ತಲಿನ ಅಂಚು ತಗಡಿನ ಹಿಂದಕ್ಕೆ ಮಡಿಚಿಕೊಂಡು ಪಿನ್ನಿನ ತಟ್ಟೆಯ ಕೆಳಗೆ ಅಡಗಿಬಿಡುತ್ತದೆ. ಆ ಮಡಿಕೆಯಲ್ಲಿ ಬರೀ ಬಣ್ಣವಿರಬೇಕು, ಬೇರೇನೂ ಇರಬಾರದು ಎನ್ನುವುದು ಕಸುಬಿನ ಮೊದಲ ಪಾಠ.

ಈ ವರ್ಷ ಕಲಾ ಸಂಗ್ರಹಾಲಯದವರು ಹೊಸ ಸರಣಿ ಕೇಳಿದರು. ಮೆಚ್ಚಿಗೆಯಾದರೆ ಚಿತ್ರ ಬರೆದವರಿಗೆ ಸಂಗ್ರಹಾಲಯದ ಮಹಡಿಯಲ್ಲಿ ಒಂದು ವರ್ಷಕ್ಕೆ ಕೋಣೆ: ಆಳೆತ್ತರದ ಕಿಟಕಿ, ಯಾರ ಕಾಟವೂ ಇಲ್ಲ. ಚುಕ್ಕಿಗೆ ಆ ಕೋಣೆ ಬೇಕಿತ್ತು. ಊರಿನವರ ಮುಂದೆ ಭಾವನ ಮುಖ ಹುಳ್ಳಗಾಗುವುದನ್ನು ನೋಡುವುದು ಇನ್ನೂ ಹೆಚ್ಚು ಬೇಕಿತ್ತು.

ಪಿಟೀಲಿನ ತಂತಿಗಳ ಮೇಲೆ ಸಾಲಾಗಿ ಕೂತ ಗುಬ್ಬಿಗಳು, ಚಿತ್ರಪಟದ ಚೌಕಟ್ಟಿನಿಂದ ಹೊರಕ್ಕೆ ನೆಗೆದ ಕಪ್ಪೆ, ನದಿಯಾಗಿ ಹರಿಯುವ ಎಲೆಯ ನರಗಳು. ಮೂರಕ್ಕೂ ಮಡಿಕೆಯ ಅಂಚಿನಲ್ಲಿ, ಹಸಿರಿನ ಮೇಲೆ ಹಸಿರಾಗಿ, ಹುಲ್ಲಿನ ಎಸಳುಗಳೆಂಬಂತೆ ಒಂದೇ ಸಾಲು ಬರೆದಳು. ಹಾಳೆಗಳನ್ನು ಭಾವನ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ಬಿಟ್ಟು, ಜ್ವರವೆಂದು ಎರಡು ದಿನ ಕಂಬಳಿ ಹೊದ್ದಳು.

ಮೂರನೆಯ ದಿನ ಹಾಳೆಗಳು ಮಾಯ. ಕನ್ನಡಕ ಹಾಕಿದರೆ ಕಲಾವಿದನ ಕಳೆ ಕೆಡುತ್ತದೆಂದು ನಂಬಿದ್ದ ಭಾವ ಅವನ್ನು ಸೀದಾ ಅಚ್ಚಿಗೆ ಕೊಟ್ಟಿದ್ದ. ಅಚ್ಚಾಗಿ ಬಂದದ್ದನ್ನು ಅಕ್ಕ ನಾಲ್ಕು ದಿನ ಕೂತು, ಕನ್ನಡಕ ಮೂಗಿನ ತುದಿಗಿಳಿಸಿಕೊಂಡು, ತುಟಿಪಿಟಕ್ಕೆನ್ನದೆ ಕತ್ತರಿಸಿ ಒತ್ತಿದಳು. ಅವಳಿಗೂ ಕಂಡಿಲ್ಲ ಎಂದುಕೊಂಡಳು ಚುಕ್ಕಿ. ಕಂಡಿದ್ದರೆ ಗಂಡನಿಗೆ ಹೇಳದೆ ಇರುತ್ತಾಳೆಯೇ?

ಬಿಡುಗಡೆಯ ದಿನ ಸಭಾಂಗಣದಲ್ಲಿ ಬಂದವರ ಎದೆಯ ಮೇಲೆಲ್ಲ ಅವಳ ಗುಬ್ಬಿ, ಅವಳ ಕಪ್ಪೆ. ಭಾವನ ಎದೆಯ ಮೇಲೆ ಮೂರೂ.

"ಸಂಗೀತ ನನ್ನ ರಕ್ತದಲ್ಲೇ ಇದೆ" ಎಂದ ಮೈಕಿಗೆ. ಮನೆಯಲ್ಲಿ ಯಾರಾದರೂ ಗುನುಗಿದರೆ ದಡಾರನೆ ಬಾಗಿಲು ಹಾಕಿಕೊಳ್ಳುವ ಮನುಷ್ಯ.

ಸಂಗ್ರಹಾಲಯದ ನಿರ್ದೇಶಕಿ ಅವನಿಗೆ ಕೊಡಲೆಂದು ಕೋಣೆಯ ಬೀಗದ ಕೈ ಎತ್ತಿಕೊಂಡರು. ಚುಕ್ಕಿ ಎದ್ದು ವೇದಿಕೆಯ ಹತ್ತಿರ ಹೋದಳು.

"ಒಂದು ನಿಮಿಷ ಮೇಡಂ. ಭಾವ, ನಿಮ್ಮ ಎದೆ ಮೇಲಿರೋ ಗುಬ್ಬಿ ಸ್ವಲ್ಪ ಕೊಡ್ತೀರಾ?"

"ಇದೇನಮ್ಮ ಚುಕ್ಕಿ ಮಕ್ಕಳಾಟ! ನನ್ನ ನಾದಿನಿ ಮೇಡಂ. ನನ್ನ ಕಲೆ ಅಂದ್ರೆ ಪ್ರಾಣ ಇವಳಿಗೆ."

"ಪ್ರಾಣ ಅಂತಾನೇ ಕೇಳ್ತಿರೋದು. ಕೊಡಿ."

ಜನ ನಕ್ಕರು. ನಗುವವರ ಮುಂದೆ ಜಿಪುಣನಾಗಲಾರದೆ ಕೊಟ್ಟ. ಬಿಲ್ಲೆ ಕೈಗೆ ಬಂದ ಮೇಲೆ ಚುಕ್ಕಿ ಅದನ್ನು ಮಗುಚಿ ಹಿಂದಿನ ತಟ್ಟೆಯ ಅಂಚಿಗೆ ಉಗುರು ಹಾಕಿದಳು. ಆಡಬೇಕಾದ ಮಾತನ್ನೆಲ್ಲ ವರ್ಷವಿಡೀ ಉರು ಹೊಡೆದವಳು ಇಕ್ಕಳ ತರಲು ಮರೆತಿದ್ದಳು. ಒತ್ತಿದ ಬಿಲ್ಲೆ ಉಗುರಿಗೆ ಜಗ್ಗುವಂಥದಲ್ಲ.

"ಆಯ್ತಲ್ಲ, ಕೊಡು ಇಲ್ಲಿ" ಎಂದು ಭಾವ ಕೈ ಚಾಚಿದ.

ಮೊದಲ ಸಾಲಿನಲ್ಲಿ ಝಿಪ್ ಎಳೆದ ಸದ್ದು. ಅಕ್ಕ ಚೀಲದಿಂದ ಇಕ್ಕಳ ತೆಗೆದು ಎದ್ದುಬಂದಳು. ತಂಗಿಯ ಕೈಯಿಂದ ಬಿಲ್ಲೆ ತೆಗೆದುಕೊಂಡು, ಹಿಂದಿನ ತಟ್ಟೆಯನ್ನು ಟಕ್ಕನೆ ಎಬ್ಬಿಸಿ, ಕಾಗದದ ಮಡಿಕೆ ಬಿಡಿಸಿ ನಿರ್ದೇಶಕಿಯ ಮುಂದೆ ಹಿಡಿದಳು.

ನಿರ್ದೇಶಕಿ ಕಾಗದವನ್ನು ಸುತ್ತಲೂ ತಿರುಗಿಸುತ್ತ, ಮೈಕ್ ಎದುರಿಗಿರುವುದನ್ನು ಮರೆತು ಓದಿದರು: "ಈ ಚಿತ್ರ ಬರೆದವಳು ಚುಕ್ಕಿ. ತನ್ನದೆಂದು ಹೇಳುವ ಕಳ್ಳ ಈ ಸಾಲನ್ನು ಓದಿಲ್ಲ."

ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಎದೆ ನೋಡಿಕೊಂಡರು.

"ಇದು ಅಚ್ಚಿನವರ ಕಿತಾಪತಿ" ಎಂದು ಭಾವ ತೊದಲಿದ. ಚುಕ್ಕಿ ವರ್ಷದಿಂದ ಕಾದಿದ್ದ ಬಣ್ಣವೇ ಅವನ ಮುಖಕ್ಕೆ ಬಂದಿತ್ತು. "ನೀನಾದ್ರೂ ಹೇಳೇ!" ಎಂದ ಹೆಂಡತಿಗೆ.

"ಹೇಳ್ತೀನಿ. ಮುನ್ನೂರು ಬಿಲ್ಲೆ ಕತ್ತರಿಸಿದ್ದು ನಾನು. ಮುನ್ನೂರು ಸಲ ಓದಿದೀನಿ."

ಬೀಗದ ಕೈ ಚುಕ್ಕಿಯ ಅಂಗೈಗೆ ಬಂತು. ಅವಳ ಕಣ್ಣು ಅಕ್ಕನ ಮೇಲಿತ್ತು.

"ಅವತ್ತು ನೀನು ತಲೆ ಕೂಡ ಎತ್ತಲಿಲ್ಲ ಅಕ್ಕ."

"ಎಣ್ಣೆ ಬಿಡ್ತಾ ಇದ್ದೆ ಕಣೇ. ಕಿವಿ ಕೇಳಿಸ್ತಿತ್ತು" ಎಂದಳು ಅಕ್ಕ, ಇಕ್ಕಳ ಇನ್ನೊಂದು ಕೈಗೆ ಬದಲಿಸುತ್ತ. ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ಆ ಕಪ್ಪೆನೂ ಬಿಚ್ಚಿಕೊಡಿ."