ಬೆತ್ತ ಬಿಡಿಸಿದವರು

ಚಟ್ಟ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಮನೆಗಳನ್ನು ಕಟ್ಟಿದವರು, ಮಲಗಿದವರನ್ನೂ ಇಳಿಸಬೇಕಾದೀತು ಎಂದು ಯೋಚಿಸಿರಲಿಲ್ಲ.

“ಭಯ್ಯಾ, ಥೋಡಾ ತಿರ್ಛಾ ಕರೋ,” ಎಂದು ಚಟ್ಟವನ್ನು ಓರೆ ಮಾಡಿಸಿದ ಜೀವನ್. ತಂದೆಯ ತಲೆಯ ಕಡೆ ಹಿಡಿದಿದ್ದವನು ಅವನೇ.

“ಮೆಲ್ಲಗಪ್ಪಾ, ತಲೆ ಗೋಡೆಗೆ ತಾಗುತ್ತೆ!” ಎಂದರು ಶ್ರೀವತ್ಸ. ತೀರಿಹೋದ ಪ್ರೊಫೆಸರ್ ಸೂರ್ಯನಾರಾಯಣರ ಜೊತೆ ಮೂವತ್ತು ವರ್ಷ ಪಾಠ ಮಾಡಿದವರು.

“ತಾಗಲಿ ಬಿಡಿ ಅಂಕಲ್. ಅವರಿಗೇನು ನೋಯುತ್ತಾ?”

ಹಿಂದೆ ಇಳಿಯುತ್ತಿದ್ದ ತಾಯಿ ಪದ್ಮಾ ಮಗನ ಭುಜ ಒತ್ತಿದರು. ಬೆಳಿಗ್ಗೆಯೇ ಬೇಡಿಕೊಂಡಿದ್ದರು: “ಇವತ್ತೊಂದು ದಿನ ಅಪ್ಪನ ಮರ್ಯಾದೆ ಉಳಿಸಪ್ಪಾ. ಯೂನಿವರ್ಸಿಟಿಯವರೆಲ್ಲ ಬರ್ತಾರೆ.” ಜೀವನ್ “ಅಚ್ಛಾ” ಎಂದಿದ್ದ.

ಸ್ಮಶಾನದಲ್ಲಿ ಶ್ರೀವತ್ಸ ನಾಲ್ಕು ಮಾತಾಡಿದರು. “ನಮ್ಮ ಸೂರಿ ಹನ್ನೊಂದು ದೇಶದ ಶಾಲೆಗಳಲ್ಲಿ ಕೂತು ನೋಡಿ ಬಂದ. ಮಗು ಕೈ ಹಿಂದೆ ಬಚ್ಚಿಟ್ಟುಕೊಂಡು ಉತ್ತರ ಹೇಳಿದ್ರೆ ಆ ಶಾಲೇಲಿ ಬೆತ್ತ ಇದೆ ಅಂತ ಬರೆದ. ಎಷ್ಟೋ ಮೇಷ್ಟ್ರುಗಳ ಕೈಯಿಂದ ಅದನ್ನ ಬಿಡಿಸಿದ. ಅಷ್ಟು ಸೂಕ್ಷ್ಮ ಎಲ್ಲಿ ಕಲಿತನೋ!”

ಎಲ್ಲಿ ಎಂಬುದು ಜೀವನ್‌ಗೆ ಗೊತ್ತಿತ್ತು.

*

ಆಗ ಅವನಿಗೆ ಒಂಬತ್ತು ವರ್ಷ. ಮೇಜಿನ ಒಂದು ತುದಿಯಲ್ಲಿ ತಂದೆಯ ಪ್ರಬಂಧ, ಇನ್ನೊಂದು ತುದಿಯಲ್ಲಿ ಮಗನ ಭಿನ್ನರಾಶಿ.

“ಮೂರರಲ್ಲೊಂದು ದೊಡ್ಡದೋ, ನಾಲ್ಕರಲ್ಲೊಂದೋ?”

“ನಾಲ್ಕು...”

ಮರದ ಸ್ಕೇಲು ಅಂಚಿನ ಕಡೆಯಿಂದ ಗೆಣ್ಣಿನ ಮೇಲೆ ಬಿತ್ತು. ಹುಡುಗ ಕೈ ಹಿಂದಕ್ಕೆಳೆದುಕೊಂಡ.

“ತೆಗಿ ಮುಂದೆ!”

ಐದನೆಯ ಏಟಿಗೆ ಸ್ಕೇಲು ಮುರಿಯಿತು. ಆಮೇಲೆ ಬರಿಗೈ. ಕಿವಿಯಿಂದ ರಕ್ತ ಇಳಿದು ಪುಸ್ತಕದ ಮೇಲೆ ತೊಟ್ಟಿಕ್ಕಿತು. ಒಳಗೆ ಪದ್ಮಾ ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತಿಕ್ಕುತ್ತಲೇ ಇದ್ದರು.

ಅರ್ಧ ಗಂಟೆ ಕಳೆದು ಸೂರ್ಯನಾರಾಯಣರೇ ಹತ್ತಿ ತಂದು ಕಿವಿ ಒರೆಸಿದರು. “ನಮ್ಮಪ್ಪ ನನ್ನ ಕಂಬಕ್ಕೆ ಕಟ್ಟಿ ಹೊಡೀತಿದ್ರು ಕಣೋ. ಇದು ತಪ್ಪು ಅಂತ ನಾನೇ ಬರೀತಾ ಇದ್ದೀನಿ.”

ಮರುದಿನ ಹೊಸ ಸ್ಕೇಲು ಬಂತು.

*

ಕನ್ನಡದ ಪುರೋಹಿತರು ಊರಿಗೆ ಹೋಗಿದ್ದರಿಂದ ಸ್ಮಶಾನದ ಪಂಡಿತರೇ ಎಲ್ಲ ಮಾಡಿಸುತ್ತಿದ್ದರು. ಚಿತೆ ಚೆನ್ನಾಗಿ ಹತ್ತಿಕೊಂಡ ಮೇಲೆ ಅವರು ಉದ್ದನೆಯ ಬಿದಿರೊಂದನ್ನು ತಂದು ಜೀವನ್ ಕೈಗಿತ್ತರು. “ಕಪಾಲ ಕ್ರಿಯಾ, ಬೇಟಾ. ತಲೆಗೆ ಒಮ್ಮೆ ತಟ್ಟು. ಪ್ರಾಣಕ್ಕೆ ದಾರಿ ಆಗಬೇಕು.”

“ನಮ್ಮ ಮನೆಗಳಲ್ಲಿ ಇದಿಲ್ಲ ಪಂಡಿತ್‌ಜೀ. ಮಡಕೆ ಒಡೆದಾಯ್ತಲ್ಲ,” ಎಂದರು ಶ್ರೀವತ್ಸ.

“ದಿಲ್ಲಿಯಲ್ಲಿ ಎಲ್ಲರೂ ಮಾಡ್ತಾರೆ ಸಾಬ್.”

“ಅಂಕಲ್, ಇದನ್ನ ನನ್ನ ಕೈಗೆ ಕೊಡಬೇಡಿ ಅಂತ ಹೇಳಿ ಅವರಿಗೆ,” ಎಂದ ಜೀವನ್. ಬಿದಿರನ್ನು ಮಾತ್ರ ಕೆಳಗಿಡಲಿಲ್ಲ.

“ಚಲೋ, ಏಕ್ ಬಾರ್,” ಎಂದರು ಪಂಡಿತರು.

ಮೊದಲನೆಯದು ಮೆಲ್ಲಗೆ ತಾಗಿತು. “ಬಸ್, ಸಾಕು,” ಎಂದರು ಪಂಡಿತರು. ಎರಡನೆಯದಕ್ಕೆ ಕಿಡಿ ಹಾರಿತು. ಮೂರನೆಯದಕ್ಕೆ ಒಳಗೇನೋ ಒಡೆಯಿತು. “ಬಸ್, ಬಸ್!” ಜೀವನ್ ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಎತ್ತೆತ್ತಿ ಹೊಡೆದ. ಕೊಳ್ಳಿಗಳು ಜಾರಿ ಉರುಳಿದವು. ಪ್ರೊಫೆಸರುಗಳು ಹಿಂದೆ ಸರಿದರು.

ಪದ್ಮಾ ಓಡಿಬಂದು ಹೊಗೆಯಾಡುತ್ತಿದ್ದ ಬಿದಿರನ್ನು ನಡುವೆ ಹಿಡಿದರು. ಮಗ ಎಳೆದ. ಅವರು ಬಿಡಲಿಲ್ಲ.

“ರೀ, ಸಾಕು ನಿಲ್ಲಿಸಿ! ಮಗು ಸತ್ತೋಗ್ತಾನೆ ರೀ! ಕಿವೀಲಿ ರಕ್ತ ಬರ್ತಿದೆ, ಬಿಡ್ರೀ!”

ಅಷ್ಟು ಜನರೂ ಅದನ್ನು ಕೇಳಿದರು. ಜೀವನ್‌ನ ಕೈ ಸಡಿಲವಾಯಿತು. ಪದ್ಮಾ ಮಾತ್ರ ಬಿದಿರನ್ನು ಎದೆಗೆ ಅವುಚಿಕೊಂಡೇ ನಿಂತಿದ್ದರು. ಅದರ ತುದಿ ಇನ್ನೂ ಉರಿಯುತ್ತಿತ್ತು.